ಮೂರು ಮಿಣುಕು

ರಾತ್ರಿ ಹನ್ನೊಂದೂವರೆಗೆ ಫೋನು.
ಥಂಡರ್ ಬೇ, ಬಂದರಿನ ಹಿಂದಿನ ಬೀದಿ, ಮೈನಸ್ ಮೂವತ್ನಾಲ್ಕು.
ವ್ಯಾನಿನ ಬಾಗಿಲು ತೆಗೆದರೆ
ಮೂಗಿನ ಕೂದಲು ಗಾಜಾಗುವ ಹೊತ್ತು.

ಸೈಮಿ ರಿಂಟಮಾಕಿ, ಆಸ್ಪತ್ರೆಯ ಲಾಂಡ್ರಿಯವಳು,
ಕೋಟಿನ ಮೇಲೆ ಕೋಟು ಹಾಕಿ ಬಾಗಿಲಲ್ಲಿ.
"ಗೊರಗುಟ್ಟುತ್ತೆ, ಈಗ ಹತ್ತಿತು ಅನ್ನಿಸುತ್ತೆ, ಸುಮ್ಮನಾಗುತ್ತೆ.
ಥೇಟ್ ನನ್ನ ಮಾಜಿ ಗಂಡ."
ನಗಲಿಲ್ಲ ಅವಳು. ನಾನೂ.

ನೆಲಮಾಳಿಗೆ.
ಫರ್ನೇಸಿನ ಮುಂದೆ ಯಾರೇ ಆಗಲಿ ಮೊಣಕಾಲೂರಲೇಬೇಕು,
ದೇವರ ಗೊಡವೆಗೆ ಹೋಗದ ನನ್ನಂಥವನೂ.
ತಗಡು ಬಿಚ್ಚಿದರೆ ಒಳಗೊಂದು ಕೆಂಪು ಕಣ್ಣು:
ಮೂರು ಸಲ ಮಿಣುಕಿ ನಿಲ್ಲುತ್ತದೆ,
ಮತ್ತೆ ಮೂರು ಸಲ,
ಮಾತು ಬಾರದವರು ಹೇಳಿದ್ದನ್ನೇ ಹೇಳುವ ಹಾಗೆ.

ಇದರ ಶಿಸ್ತು ನನಗೆ ಇಪ್ಪತ್ತೆರಡು ಚಳಿಗಾಲದ ಪರಿಚಯ.
ಮೊದಲು ಪುಟ್ಟ ಫ್ಯಾನು ತಿರುಗಿ
ಒಳಗಿನ ಹಳೇ ಉಸಿರನ್ನೆಲ್ಲ ಹೊರಗಟ್ಟಬೇಕು.
ಗಾಳಿ ಹೋಯಿತು, ದಾರಿ ಬಿಟ್ಟಿದೆ ಅಂತ
ಒಂದು ರಬ್ಬರಿನ ಪೊರೆ ಸಾಕ್ಷಿ ಹೇಳಬೇಕು.
ಆಮೇಲೆ ಕಡ್ಡಿ ಕೆಂಪಾಗುವುದು.
ಆಮೇಲೆ ಗ್ಯಾಸು.
ಸಾಕ್ಷಿ ಇಲ್ಲದೆ ಬೆಂಕಿ ಇಲ್ಲ.

ಪೊರೆಯ ಮೇಲೇ ಅನುಮಾನ ಬಂತು.
ಕೊಳವೆ ಕಿತ್ತು ಬಾಯಲ್ಲಿ ಎಳೆದೆ: ಟಕ್.
ಪ್ರಾಮಾಣಿಕ ಪ್ರಾಣಿ.
ನೀರು ಇಳಿಯುವ ಪೈಪು ತೊಳೆದೆ, ವೈರು ಅಲುಗಿಸಿದೆ,
ಕಡ್ಡಿಗೆ ಮೀಟರು ಹಿಡಿದೆ. ಎಲ್ಲ ಸರಿ.
ನಿಜ ಹೇಳಬೇಕೆಂದರೆ ಮೊದಲು ಹೊರಗೆ ಹೋಗಿ ನೋಡಬೇಕಿತ್ತು.
ಈ ಚಳಿಯಲ್ಲಿ ಯಾರಿಗೆ ಮನಸ್ಸು?
ಒಳಗಿದ್ದವರ ಮೇಲೆ ತಪ್ಪು ಹೊರಿಸುವುದು ಸುಲಭ.

ಮೆಟ್ಟಿಲ ಮೇಲೆ ಹುಡುಗ, ಏಳೆಂಟು ವರ್ಷ, ಕಂಬಳಿಯೊಳಗೆ.
"ಈ ಸಲ ಹಿಮ ಜಾಸ್ತಿ, ಅಲ್ಲವಾ?" ಅಂದೆ, ಸುಮ್ಮನೆ.
ಕುಂಬಳಕಾಯಿ ಕಳ್ಳ ಹೆಗಲು ನೋಡಿಕೊಂಡ ಹಾಗೆ
ಅವನು ಕೈಗವಸು ನೋಡಿಕೊಂಡ.

ಟಾರ್ಚು ಹಿಡಿದು ಮನೆಯ ಪಕ್ಕಕ್ಕೆ ಬಂದರೆ
ಅಲ್ಲೊಂದು ಕೋಟೆ!
ಎದೆಯೆತ್ತರದ ಗೋಡೆ, ಎರಡು ಬುರುಜು,
ಅಡುಗೆಮನೆಯ ಟವೆಲ್ಲಿನ ಬಾವುಟ, ಹಲಗೆಯಂತೆ ಸೆಟೆದದ್ದು.
ಶನಿವಾರದ ಹಸಿ ಹಿಮದಲ್ಲಿ ಕಟ್ಟಿರಬೇಕು.
ಗೋಡೆಯಿಂದ ಹೊರಬಂದ ಫರ್ನೇಸಿನ ಬಿಳಿ ಕೊಳವೆ
ಬುರುಜಿನ ನಡುವೆ ಬೀದಿಯತ್ತ ಬಾಯಿ ತೆರೆದ ತೋಪು.
ತೋಪು ಅಂದಮೇಲೆ ಗುಂಡು ಬೇಡವೇ?
ತುಂಬಿದ್ದ.
ಬೆಚ್ಚನೆಯ ಹೊಗೆಗೆ ಒಂದಿಷ್ಟು ಕರಗಿ
ಮತ್ತೆ ಕಲ್ಲಾಗಿ ಕೂತಿತ್ತು.

ಸ್ಕ್ರೂಡ್ರೈವರು ಹಿಡಿದು ಮುತ್ತಿಗೆ ಹಾಕಿದೆ.
ಗುಂಡು ಹೊರಬರುವಷ್ಟರಲ್ಲಿ ಬೆರಳು ನನ್ನವಲ್ಲ.

ಕೆಳಗಿಳಿದು ಸ್ವಿಚ್ಚು ಹಾಕಿದೆ. ಫ್ಯಾನು. ಟಕ್.
ಕಡ್ಡಿ ಕಿತ್ತಳೆಯಾಗಿ, ಬೆಳ್ಳಗಾಗಿ,
ಭುಸ್ಸೆಂದು ನೀಲಿ ಸಾಲು ಎದ್ದು ನಿಂತಿತು.
ಮೂವರೂ ಗ್ರಿಲ್ಲಿನ ಮೇಲೆ ಅಂಗೈ ಚಾಚಿ ಕೂತೆವು,
ಮಾತಿಲ್ಲದೆ, ಒಂದೈದು ನಿಮಿಷ.

ಬಿಲ್ಲಿನಲ್ಲಿ ಬರೆದೆ: ಹೊಗೆಕೊಳವೆಯಲ್ಲಿ ಹಿಮ.
ಸಹಿ, ಡಿ. ಮೂನಿಯಾಸ್.
"ಒಳಗೆ ಹೇಗೆ ಹೋಯಿತು?"
"ಗಾಳಿ" ಅಂದೆ ಸೈಮಿಗೆ.

ವ್ಯಾನಿನ ತನಕ ಹಿಂದೆ ಬಂದ ಹುಡುಗ ಪಿಸುಗುಟ್ಟಿದ:
"ಕೋಟೆ ಬಿತ್ತಾ?"
"ಒಂದು ಬುರುಜು ಅಷ್ಟೇ.
ತೋಪನ್ನ ಗ್ಯಾರೇಜಿನ ಕಡೆಗೆ ಇಡು."