ಪಾಕ ನೋಡುವವನು

ಕೆರಗೋಡಿನ ಆಲೆಮನೆಯಲ್ಲಿ
ಪಾಕ ನೋಡುವುದು ಚಲುವಮಾವನ ಕೆಲಸ.
ಕೊಪ್ಪರಿಗೆಯದು ತುಸು ನೀರಿಗೆ ಬಿಟ್ಟು, ಉಂಡೆ ಕಟ್ಟಿ,
ಬಾಚಿಹಲ್ಲಿಗೆ ಕೊಟ್ಟು ಕಣ್ಣು ಮುಚ್ಚುತ್ತಾನೆ:
‘ಇಳುಸ್ರಲಾ!’

ದಿನಕ್ಕೆ ಐದು ಪಾಕ. ಐದು ಸಲವೂ
ತಂಬಿಗೆ ಎತ್ತಿ, ಗಳಗಳ ಮುಕ್ಕಳಿಸಿ
ಕಬ್ಬಿನ ಬುಡಕ್ಕೆ ಉಗಿಯುತ್ತಾನೆ.
‘ಸಿಹಿ ನೆಂಟ ಕಣ್ಲಾ. ಉಂಡ್ಮೇಲೆ ಕಳುಸ್ಬೇಕು,
ಮಲಗುಸ್ಕಬಾರ್ದು.’

ರಾತ್ರಿ, ದೀಪದ ಹುಳಗಳ ಕೆಳಗೆ ಕೂತು
ಕೂದಲು ಕೆದರಿದ ಬ್ರಶ್ಶು ಬಿಸಾಕಿ, ಹೊಸದು ಬಿಚ್ಚಿದ.
ಅವಸರವಿಲ್ಲ, ಒತ್ತುವುದಿಲ್ಲ;
ಎಳೆಗರುವಿನ ಮೈ ತೀಡಿದ ಹಾಗೆ
ವಸಡು, ಸಂದಿ, ದವಡೆಯ ಹಿಂದಿನ ಕತ್ತಲೆ,
ಕೊನೆಗೆ ನಾಲಿಗೆ.

ನಾನಾಗಲೇ ಕಂಬಳಿಯೊಳಗೆ.
ಹುಳುಕು ಹಲ್ಲಿನ ಗುಳಿಯಲ್ಲಿ
ಅಚ್ಚುಬೆಲ್ಲದ ಚೂರು ಕರಗುತ್ತಿತ್ತು.

ಅವನೇನೂ ಅನ್ನಲಿಲ್ಲ.
ತಂಬಿಗೆಯನ್ನು ನನ್ನ ತಲೆಯ ಹತ್ತಿರ
ಸದ್ದಾಗುವಂತೆ ಇಟ್ಟ.

ಎದ್ದೆ.