ಮಂಗಳವಾರ, ಹತ್ತು ಗಂಟೆ

ಸ್ಟಾನಿಫೋರ್ತ್ ತೀರಿಕೊಂಡ ಎಂಟನೆಯ ದಿನ
(ಹೆಸರು ಬದಲಿಸಿದ್ದೇನೆ, ಅಷ್ಟು ನೀತಿ ಉಂಟು)
ಕಾರಿನ ಕೀಲಿ ತಿರುಗಿಸುವ ಮೊದಲೇ ಫೋನು ಹೇಳಿತು:
"ಹದಿನಾಲ್ಕು ನಿಮಿಷ. ದಾರಿ ಸಲೀಸಾಗಿದೆ."
ಎಲ್ಲಿಗೆ ಅಂತ ನಾನು ಕೇಳಿರಲಿಲ್ಲ.

ಎರಡು ವರ್ಷ, ಮಂಗಳವಾರ ಹತ್ತಕ್ಕೆ,
ಅವರ ಕಾಲಿನ ಹುಣ್ಣಿಗೆ ಪಟ್ಟಿ ಬದಲಿಸಿದ್ದೆ.
ಅದಕ್ಕೆ ಗೊತ್ತಿದ್ದದ್ದು ಇಷ್ಟೇ:
ಈ ಹೆಂಗಸು ಆ ಬಾಗಿಲೊಳಗೆ ನಲವತ್ತು ನಿಮಿಷ ಇರುತ್ತಾಳೆ.
ಒಮ್ಮೆ ಕೇಳಿಯೂ ಇತ್ತು,
"ಇದು ನಿಮ್ಮ ಮನೆಯೇ?"

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು
ಅನ್ನುತ್ತಿದ್ದಳು ಅಮ್ಮ, ನೆರೆಯವರ ಕುರಿತು.
ನಾನೋ ಊರ ಬಾಯನ್ನೇ ಜೇಬಿನಲ್ಲಿಟ್ಟು ತಿರುಗುತ್ತಿದ್ದೆ:
ಯಾವ ಮನೆಗೆ ದಾದಿ ವಾರಕ್ಕೆ ಮೂರು ಸಲ,
ಯಾವ ಮನೆಗೆ ದಿನಕ್ಕೆರಡು,
ಯಾವ ಮನೆಗೆ ಇನ್ನು ಬೇಡ.
ಲೆಕ್ಕ ಬಲ್ಲವನಿಗೆ ಇಷ್ಟು ಸಾಕಲ್ಲ.

ಚಹಾದ ಬಿಡುವಿನಲ್ಲಿ ಡಾರ್ಕಸ್ ಬೇರೆ ನಕ್ಷೆ ಹಾಕಿಕೊಟ್ಟಳು.
"ಇದು ಯಾರಿಗೂ ಏನೂ ಹೇಳಲ್ಲ. ಆದರೆ ಸ್ವಲ್ಪ ಪೆದ್ದು."
ಒಂದು ಬಿಸ್ಕತ್ತು ಮುಗಿಯುವಷ್ಟರಲ್ಲಿ
ಇಡೀ ಶೆಫೀಲ್ಡ್ ಫೋನಿಗಿಳಿಯಿತು, ಏಳು ಗುಡ್ಡ ಸಮೇತ.

ಪೆದ್ದು ಅಂದರೆ ಪೆದ್ದೇ.
ಮುಂದೆ ಲಾರಿ ಕೆಟ್ಟು ನಿಂತದ್ದು ಅದಕ್ಕೆ ತಿಳಿಯದು.
ಮನೆ ನಂಬರು ಕೊಟ್ಟರೆ ಬೀದಿಯ ತುದಿಗೆ ಬಿಟ್ಟು
ಮುನಿಸಿಕೊಂಡವರ ಹಾಗೆ ಸುಮ್ಮನಾಗುತ್ತದೆ.
ಅಕ್ಷರ ಸಾಸಿವೆಯಷ್ಟು; ಕೈಗವಸಿನ ಬೆರಳು
ಔಷಧದಂಗಡಿ ಒತ್ತಿದರೆ ತೆರೆಯುವುದು ಸ್ಮಶಾನ.
ವಾಕ್ಲಿಯಲ್ಲಿ ಒಂದು ಬೆಳಿಗ್ಗೆ ಅದು ದಾರಿ ಅಂದದ್ದು
ಮೆಟ್ಟಿಲಾಗಿತ್ತು.
ಕಾರಿನ ಮೂಗು ಮೊದಲನೆಯದರ ಮೇಲೆ,
ಕೆಳಗೆ ಹಾಲಿನ ಬಾಟಲಿ ಹಿಡಿದ ಮುದುಕಿ:
"ಇಲ್ಲಿ ಕುದುರೆಯೂ ಇಳಿಯಲ್ಲ, ಚಿನ್ನ."

ಅವತ್ತು ಹಳೆಯದನ್ನೇ ಮತ್ತೆ ಹಾಕಿಕೊಂಡೆ, ಸುಳ್ಳು ಯಾಕೆ.
ಇನ್ಸುಲಿನ್ ಕಾಯುವುದಿಲ್ಲ ನನ್ನ ತತ್ವಕ್ಕೆ.
ಅದು ಅನುಮತಿ ಕೇಳಿತು: ನೀನಿರುವ ಜಾಗ ತಿಳಿಯಬಹುದೇ, ಸದಾ?
ನನ್ನ ಮದುವೆಯಲ್ಲೂ ಯಾರೂ
ಇಷ್ಟು ನೇರ ಕೇಳಿರಲಿಲ್ಲ ಆ ಮಾತು.
"ಇದೊಂದು ಸಲ" ಒತ್ತಿದೆ.
ಎಲ್ಲ ಚಟಕ್ಕೂ ಹೇಳುವ ಮಾತೇ ಅದು.

ರಾತ್ರಿ ತಟ್ಟೆ ತೊಳೆಯದೆ ಕೂತು
ಪೆದ್ದು ನಕ್ಷೆಗೆ ಪಾಠ ಹೇಳಿಕೊಟ್ಟೆ.
ಇಲ್ಲಿ ಮೆಟ್ಟಿಲು, ಮೂವತ್ತೆರಡು. ಕಂಬಿ ಎಡಕ್ಕೆ.
ಗಾಲಿಕುರ್ಚಿಗೆ ದಾರಿಯಿಲ್ಲ.
ಹಿಂದಿನ ಸಂದಿಗೆ ಗೇಟು, ಚಿಲಕ ಒಳಗಿನಿಂದ.
ಮಾರನೆಯ ದಿನ ಯಾರೋ, ಮುಖ ಕಾಣದವರು,
ಮೂವತ್ತೆರಡನ್ನು ಮೂವತ್ತಮೂರು ಮಾಡಿದ್ದರು.
ಹೋಗಿ ಎಣಿಸಿದೆ. ಅವರದೇ ಸರಿ.

ಸ್ಟಾನಿಫೋರ್ತರ ಬೀದಿಯಲ್ಲಿ ಬೆರಳು ತಡೆಯಿತು.
ನೀರು ನಿಲ್ಲುವ ತಗ್ಗು ಬರೆದೆ,
ಕಾರು ನಿಲ್ಲಿಸುವ ಜಾಗ ಬರೆದೆ.
ಕೀಲಿ ಅಡಗಿರುತ್ತಿದ್ದ ಹೂಕುಂಡ,
ಪಟ್ಟಿ ಬಿಗಿಯುವಾಗ ನೋವು ನುಂಗಲು ಅವರು
ಸತ್ತ ಪಾರಿವಾಳಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದದ್ದು
ಬರೆಯಲಿಲ್ಲ.

ಮತ್ತೆ, ಚರ್ಚಿನ ಹಿಂದಿನಿಂದ ಬಂದರೆ
ಹದಿನಾಲ್ಕಲ್ಲ, ಹನ್ನೊಂದೇ ನಿಮಿಷ.
ಅದನ್ನೂ.