ಬೈಟು

ಒಂದು ಕಾಫಿ, ಎರಡು ಲೋಟ.
ಈ ಊರಿನ ಲೆಕ್ಕವನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ:
ಒಂದನ್ನು ಎರಡು ಮಾಡಿದರೆ
ಅರ್ಧ, ಇನ್ನರ್ಧ ಅಲ್ಲ.
ಅರ್ಧದ ಮೇಲೆ ಒಂದು ಗುಟುಕು, ಇಬ್ಬರಿಗೂ.
ಆ ಗುಟುಕು ಎಲ್ಲಿಂದ ಬಂತು ಅಂತ
ಹೋಟೆಲಿನವನೂ ಕೇಳಿಕೊಂಡಿಲ್ಲ, ನಾವೂ ಕೇಳಿಲ್ಲ.

ಹನ್ನೊಂದು ವರ್ಷ. ಮರಿಯಪ್ಪನಪಾಳ್ಯದ ರಸ್ತೆಗಳು.
ಬೆಸ ನಂಬರಿನ ಮನೆಗಳು ಪಿಳ್ಳಪ್ಪನಿಗೆ,
ಸಮ ನಂಬರು ನನಗೆ.
ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಹಿಂದೆ,
ಹಳೇ ಸೈಕಲ್ಲು ಸರಿಸಿ, ಜೇಡರ ಬಲೆ ಒರೆಸಿ
ಕರೆಂಟಿನ ಮೀಟರು ಓದುವುದು, ಬಿಲ್ಲು ಹರಿದು ಕೊಡುವುದು.
ಮೀಟರಿಗಿಷ್ಟು ಅಂತ ಕಾಸು.
ಹತ್ತೂವರೆಗೆ ಸರ್ಕಲ್ಲಿನ ದರ್ಶಿನಿಯಲ್ಲಿ
ಇಬ್ಬರೂ ನಿಂತೇ.

ಪಿಳ್ಳಪ್ಪನಿಗೆ ಎಲ್ಲದರ ಮೇಲೂ ಒಂದು ಮಾತಿದೆ.
ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುವವರು ಅವಸರದ ಜನ,
ಅವರಿಗೆ ಸಾಲ ಕೊಡಬಾರದು.
ಬಿಲ್ಲು ನೋಡುವ ಮೊದಲು ನೀರು ಬೇಕಾ ಅಂದರೆ ಒಳ್ಳೇ ಮನೆ,
ನೋಡಿದ ಮೇಲೂ ಅಂದರೆ ಕೈ ಮುಗಿಯುವ ಮನೆ.
ಆ ನೀರು ಪೇಪರ್ ಲೋಟದಲ್ಲಿ ಬಂದರೆ
(ಶುಚಿಯೋ, ಇನ್ನೊಂದೋ, ಯಾರು ಬಲ್ಲರು)
ಅವನು ಕುಡಿಯುವುದಿಲ್ಲ,
ಅವರದೇ ದಾಸವಾಳದ ಬುಡಕ್ಕೆ ಸುರಿದು ಬರುತ್ತಾನೆ.
ದಾರಿಯಲ್ಲಿ ಒಬ್ಬೊಬ್ಬರೇ ಮಾತಾಡಿಕೊಂಡು ಹೋಗುವವರನ್ನು ಕಂಡು
ಮೊದಲೆಲ್ಲ ಅಯ್ಯೋ ಪಾಪ ಅನ್ನುತ್ತಿದ್ದೆ,
ಈಗ ಮೊದಲು ಕಿವಿ ನೋಡುತ್ತೇನೆ ಅನ್ನುತ್ತಾನೆ.
ಗಲ್ಲಾದ ಮೇಲಿನ ಡಬ್ಬಿ ಹೆಣ್ಣು ದನಿಯಲ್ಲಿ
ಇಷ್ಟು ರೂಪಾಯಿ ಬಂತು ಅಂತ ಕೂಗಿದಾಗಲೆಲ್ಲ
ಬಡವನ ಜೇಬಿನ ವಿಷಯ ಬೀದಿಗೆಲ್ಲ ಯಾಕಮ್ಮ ಅಂತ
ಡಬ್ಬಿಯನ್ನೇ ಬೈಯುತ್ತಾನೆ.
ಇನ್ನು ಬೈಟುವಿನ ಬಗ್ಗೆ:
ನನ್ನ ಲೋಟದಲ್ಲಿ ಕಮ್ಮಿ.
ದಿನಾ ಇದೇ. ಕಮ್ಮಿ ಇರುವುದೂ ದಿನಾ ನಿಜವೇ,
ಕೈ ಮೊದಲು ಚಾಚುವವನು ನಾನು.

ಯುಗಾದಿ ಕಳೆದ ವಾರ ಗಲ್ಲಾ ಇದ್ದ ಜಾಗದಲ್ಲಿ
ಆಳೆತ್ತರದ ಪರದೆ ಬಂದು ನಿಂತಿತು.
ಒತ್ತಿದರೆ ಕಾಫಿ, ಒತ್ತಿದರೆ ಟೀ,
ಸಕ್ಕರೆ ಇಲ್ಲದ್ದು, ಬೆಲ್ಲದ್ದು, ಬಾದಾಮಿ ಹಾಲು.
ಬೈಟು ಇಲ್ಲ.
ಪಿಳ್ಳಪ್ಪ ಉಗುರಿನಿಂದ ತಳ್ಳಿದ, ಬೆರಳಿನಿಂದ ತಳ್ಳಿದ,
ಪರದೆಯ ಬೆನ್ನ ಹಿಂದೆ ಕೂಡ ಇಣುಕಿ ನೋಡಿದ.
ಸಾಲಿನಲ್ಲಿದ್ದ ಹುಡುಗಿ ಮುಂದೆ ಬಂದಳು,
‘ಅಂಕಲ್, ಒಂದಾ ಎರಡಾ?’
‘ಒಂದೇ ತಾಯಿ. ಆದರೆ ಎರಡು.’
ಅವಳು ನಕ್ಕಳು. ಪರದೆಗೆ ಅರ್ಥವಾಗಲಿಲ್ಲ.

ಕಾಫಿ ಹಾಕುವ ಹುಡುಗ ಬಿಜಯ್, ಒಡಿಶಾದವನು,
ಚೀಟಿ ನೋಡಿದ: ಒಂದು.
ನಮ್ಮ ಮುಖ ನೋಡಿದ.
ಏನೂ ಕೇಳದೆ ಇನ್ನೊಂದು ಲೋಟ ತೆಗೆದ.
ನೊರೆ ಏರಿತು. ಅದೇ ಗುಟುಕು, ಹೆಚ್ಚಿಗೆಯದು, ಅಲ್ಲೇ ಇತ್ತು.

ಪಿಳ್ಳಪ್ಪ ಕಮ್ಮಿ ಅನ್ನಲಿಲ್ಲ.
‘ಮುಂದಿನ ತಿಂಗಳಿಂದ ನನ್ನ ಸಾಲಿಗೆ ಹೊಸ ಮೀಟರಂತೆ,
ಅದು ತಾನೇ ಓದಿಕೊಂಡು ತಾನೇ ಆಫೀಸಿಗೆ ಹೇಳುತ್ತಂತೆ.
ಬೆಸ ನಂಬರು ಮೊದಲು. ನಿಂದು ದಸರಾ ಆದ ಮೇಲೆ.’
ನೊರೆಗೆ ಊದಿದ.
‘ಅಲ್ಲೀವರೆಗೆ ನಿನ್ನ ಸಾಲು...’
ಅಷ್ಟು ಹೇಳಿ ನಿಲ್ಲಿಸಿದ.

ಅರ್ಥವಾಯಿತು.
ನನ್ನ ಸಾಲಿನಲ್ಲಿ ನಾನೂರ ಹನ್ನೆರಡು ಮನೆ.
ಮಗಳ ಡಿಪ್ಲೊಮಾ ಫೀಸು, ಬಾಡಿಗೆ, ಅಮ್ಮನ ಮಾತ್ರೆ
ಎಲ್ಲ ಅದರೊಳಗೇ ಎದ್ದು ನಿಂತವು.
ನಾನೂರ ಹನ್ನೆರಡನ್ನು ಎರಡು ಮಾಡಿದರೆ ಇನ್ನೂರ ಆರು.
ಒಂದೂ ಹೆಚ್ಚಿಲ್ಲ.
ಇನ್ನೊಂದು ಗುಟುಕು ಸುರಿಯುವ ಕೈ
ಆ ಆಫೀಸಿನಲ್ಲಿ ಯಾರದೂ ಇಲ್ಲ.

ಕಾಫಿಯಲ್ಲಿ ನ್ಯಾಯ ಸುಲಭ ಪಿಳ್ಳಪ್ಪ,
ಅನ್ನಬೇಕಿತ್ತು. ಅನ್ನಲಿಲ್ಲ.
ತುಂಬಿದ ಲೋಟವನ್ನು ಅವನ ಕಡೆ ಸರಿಸಿ
ಕಮ್ಮಿ ಇದ್ದದ್ದು ನಾನು ತಗೊಂಡೆ.

ಅವನು ನೋಡಿದ. ನೋಡಿಯೂ
ಏನೂ ಅನ್ನದೆ ಕುಡಿದ,
ಪಿಳ್ಳಪ್ಪ.